ಎದುರಾಳಿಗಳೇ ಕೂಡಿ ಸರ್ಕಾರ ಮಾಡಿದಾಗ ನೀತಿ ಎತ್ತ ಹೊರಳುತ್ತದೆ? ಜರ್ಮನಿಯ ‘ಗ್ರೋಕೋ’ ಬಗ್ಗೆ ಪ್ರಶ್ನೆ

ಹೊಳೆಸಾಲು ಕೇಳಿದ್ದು:

ಜರ್ಮನಿಯ ಎರಡು ದೊಡ್ಡ ಎದುರಾಳಿಗಳು, ಅಂದರೆ ಸಂಪ್ರದಾಯವಾದಿ ಪಕ್ಷಗಳಾದ ಸಿಡಿಯು–ಸಿಎಸ್‌ಯು ಜೋಡಿ ಮತ್ತು ಸಮಾಜವಾದಿ ಒಲವಿನ ಎಸ್‌ಪಿಡಿ, ಚುನಾವಣೆಯಲ್ಲಿ ತೊಡೆ ತಟ್ಟಿ ಆಮೇಲೆ ಒಂದೇ ಸಂಪುಟದಲ್ಲಿ ಕೂತದ್ದು ಐದು ಸಲ: 1966–69, 2005–09, 2013–17, 2018–21, ಮತ್ತೆ 2025ರ ಮೇ ತಿಂಗಳಿಂದ. ಇಂಥ ಮಹಾಮೈತ್ರಿಯನ್ನು ಅಲ್ಲಿ ಚಿಕ್ಕದಾಗಿ ‘ಗ್ರೋಕೋ’ ಅನ್ನುತ್ತಾರೆ.

ಸಾಮಾನ್ಯವಾಗಿ ಹೇಳುವುದು ಏನೆಂದರೆ, ಇಬ್ಬರೂ ಒಪ್ಪುವಷ್ಟು ಮಾತ್ರ ಆಗುತ್ತದೆ, ಉಳಿದದ್ದೆಲ್ಲ ನಿಂತಲ್ಲೇ ನಿಲ್ಲುತ್ತದೆ ಅಂತ. ಆದರೆ 2005–09ರ ಸರ್ಕಾರ ವ್ಯಾಟ್ ದರವನ್ನು ಶೇ 16ರಿಂದ 19ಕ್ಕೆ ಏರಿಸಿತು, ನಿವೃತ್ತಿ ವಯಸ್ಸನ್ನು 67ಕ್ಕೆ ಒಯ್ದಿತು, ಸಾಲಕ್ಕೆ ಸಂವಿಧಾನದಲ್ಲೇ ಕಡಿವಾಣ ಹಾಕಿತು. ಇದು ನಿಂತ ನೀರಿನ ಲಕ್ಷಣವಲ್ಲ. ಅದೇ ಸರ್ಕಾರ ಆರೋಗ್ಯ ವಿಮೆಯಲ್ಲಿ ಯಾವ ಪಕ್ಷವೂ ಕೇಳದಿದ್ದ ವ್ಯವಸ್ಥೆಯೊಂದನ್ನು ಕಟ್ಟಿತು.

ನನ್ನ ಪ್ರಶ್ನೆಗಳು: ಒಂದು ಪಕ್ಷ ಶೇ 18 ಅಂದು, ಇನ್ನೊಂದು ಏರಿಕೆಯೇ ಬೇಡ ಅಂದಾಗ 19 ಎಲ್ಲಿಂದ ಬಂತು? ಯಾವ ವಿಷಯ ಮುಂದೆ ಸಾಗುತ್ತದೆ, ಯಾವುದು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮೊದಲೇ ಹೇಳಬಹುದಾ? ನಮ್ಮ 2018ರ ಜೆಡಿಎಸ್–ಕಾಂಗ್ರೆಸ್ ಸರ್ಕಾರವನ್ನು ಈ ಅಳತೆಗೋಲಲ್ಲಿ ನೋಡಬಹುದಾ?

ಲೆಕ್ಕಪತ್ರ ಉತ್ತರಿಸಿದ್ದು:

19ರ ಲೆಕ್ಕ ಬಿಡಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

2005ರ ಚುನಾವಣೆಯಲ್ಲಿ ಸಿಡಿಯು–ಸಿಎಸ್‌ಯು ಪ್ರಣಾಳಿಕೆಯಲ್ಲಿ ವ್ಯಾಟ್ ಶೇ 18 ಅಂತ ಬರೆದಿತ್ತು. ಆ ಎರಡು ಅಂಶದ ಹಣವನ್ನು ನಿರುದ್ಯೋಗ ವಿಮೆಯ ವಂತಿಗೆ ಇಳಿಸಲು ಬಳಸುತ್ತೇವೆ ಅನ್ನುವುದು ಅವರ ವಾದ. ಎಸ್‌ಪಿಡಿ ಇದನ್ನು, ಸಿಡಿಯು ನಾಯಕಿ ಅಂಗೆಲಾ ಮೆರ್ಕೆಲ್ ಹೆಸರಿನಲ್ಲಿ, ‘ಮೆರ್ಕೆಲ್ ತೆರಿಗೆ’ ಎಂದು ಕರೆದು ಊರೂರಲ್ಲಿ ಪ್ರಚಾರ ಮಾಡಿತು. ಫಲಿತಾಂಶ ಬಂದಾಗ 614 ಸ್ಥಾನಗಳಲ್ಲಿ ಸಿಡಿಯು–ಸಿಎಸ್‌ಯುಗೆ 226, ಎಸ್‌ಪಿಡಿಗೆ 222.

ಮಾತುಕತೆಗೆ ಕೂತಾಗ ಎದುರಿಗಿದ್ದದ್ದು ಬರಿದಾದ ಖಜಾನೆ. ಯುರೋಪ್ ಒಕ್ಕೂಟದ ನಿಯಮದ ಪ್ರಕಾರ ವಿತ್ತೀಯ ಕೊರತೆ ಜಿಡಿಪಿಯ ಶೇ 3 ದಾಟಬಾರದು. ಜರ್ಮನಿ 2002ರಿಂದ ಪ್ರತಿ ವರ್ಷ ದಾಟಿತ್ತು. ಹೀಗಿರುವಾಗ ಎರಡು ಪಕ್ಷಗಳ ಬೇಡಿಕೆಗಳ ಸರಾಸರಿ ತೆಗೆದುಕೊಂಡು ಶೇ 17 ಅಂದರೆ ಯಾರ ತೂತೂ ಮುಚ್ಚುತ್ತಿರಲಿಲ್ಲ. ಹಾಗಾಗಿ ಮೂರು ಅಂಶ ಏರಿಸಿ ಹೀಗೆ ಹಂಚಿದರು: ಒಂದು ಅಂಶ ನಿರುದ್ಯೋಗ ವಿಮೆಗೆ, ಎರಡು ಅಂಶ ಕೇಂದ್ರ ಮತ್ತು ರಾಜ್ಯಗಳ ಬಜೆಟ್ ಕೊರತೆಗೆ. ವಂತಿಗೆ 2007ರ ಜನವರಿ 1ಕ್ಕೆ ಶೇ 6.5ರಿಂದ 4.2ಕ್ಕೆ ಇಳಿಯಿತು. ಆಹಾರ, ಪುಸ್ತಕಗಳ ಮೇಲಿನ ಶೇ 7ರ ಕಡಿಮೆ ದರವನ್ನು ಮುಟ್ಟಲಿಲ್ಲ. ಅದು ಎಸ್‌ಪಿಡಿ ಮತದಾರರಿಗೆ ಬೇಕಾಗಿತ್ತು. ಜೊತೆಗೆ ಎಸ್‌ಪಿಡಿಯ ಬೇಡಿಕೆಯಂತೆ ವಾರ್ಷಿಕ 2,50,000 ಯುರೋ ಮೀರಿದ ಆದಾಯಕ್ಕೆ ಶೇ 45ರ ತೆರಿಗೆ ಬಂತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಪಾಲುದಾರ ವರ್ಗ ರಾಜ್ಯಗಳ ಮುಖ್ಯಮಂತ್ರಿಗಳು. ವ್ಯಾಟ್‌ನ ಸುಮಾರು ಅರ್ಧ ರಾಜ್ಯಗಳಿಗೆ ಹೋಗುತ್ತದೆ. ಎರಡೂ ಪಕ್ಷಗಳ ಮುಖ್ಯಮಂತ್ರಿಗಳಿಗೂ ಆ ಹಣ ಬೇಕಾಗಿತ್ತು, ಆದ್ದರಿಂದ ಎರಡೂ ಕಡೆಯಿಂದ ಒಳಗಿನ ವಿರೋಧ ತೆಳುವಾಯಿತು. ಬೈಗುಳ ಬಂದರೂ ಇಬ್ಬರ ಮೇಲೆ ಸಮನಾಗಿ ಬೀಳುತ್ತದೆ. ಜನ ಸಿಟ್ಟಿನಿಂದ ಇನ್ನೊಂದು ದೊಡ್ಡ ಪಕ್ಷಕ್ಕೆ ವಾಲೋಣ ಅಂದರೆ ಅದೂ ಸರ್ಕಾರದಲ್ಲೇ ಇದೆ. ಒಂಟಿ ಪಕ್ಷ ಹೆದರುವ ನಿರ್ಧಾರವನ್ನು ಮಹಾಮೈತ್ರಿ ತೆಗೆದುಕೊಳ್ಳುವುದು ಈ ಕಾರಣಕ್ಕೆ.

67ರ ನಿವೃತ್ತಿಯಲ್ಲೂ ಇದೇ. ಒಪ್ಪಂದದಲ್ಲಿ 2012ರಿಂದ 2035ರವರೆಗೆ ನಿಧಾನವಾಗಿ ಏರಿಸುವ ಮಾತಿತ್ತು. ಅದನ್ನು 2029ಕ್ಕೆ ಎಳೆದು ತಂದವರು ಎಸ್‌ಪಿಡಿಯದೇ ಕಾರ್ಮಿಕ ಸಚಿವ ಫ್ರಾಂಟ್ಸ್ ಮ್ಯೂಂಟೆಫೆರಿಂಗ್. 1947ರಿಂದ 1958ರವರೆಗೆ ಹುಟ್ಟಿದವರಿಗೆ ವರ್ಷಕ್ಕೆ ಒಂದು ತಿಂಗಳು, 1959ರಿಂದ 1964ರವರೆಗಿನವರಿಗೆ ವರ್ಷಕ್ಕೆ ಎರಡು ತಿಂಗಳು: ಹನ್ನೆರಡು ಮತ್ತು ಹನ್ನೆರಡು, ಒಟ್ಟು 24 ತಿಂಗಳು. ಕಾರ್ಮಿಕ ಸಂಘಗಳ ಸಿಟ್ಟನ್ನು ಹೊರಬೇಕಾದದ್ದು ಎಸ್‌ಪಿಡಿ, ಮತ್ತು 2009ರಲ್ಲಿ ಅದರ ಮತ ಶೇ 34.2ರಿಂದ 23.0ಕ್ಕೆ ಕುಸಿಯಿತು. ಕುಸಿತಕ್ಕೆ ಕಾರಣ ಇದೊಂದೇ ಅಲ್ಲ, ಆದರೆ ಪಕ್ಷದೊಳಗೆ ಇದನ್ನು ಇವತ್ತಿಗೂ ಮರೆತಿಲ್ಲ.

ಕಡಲಂಚು ಉತ್ತರಿಸಿದ್ದು:

ಮೇಲಿನ ಉತ್ತರ ಖಜಾನೆ ಬರಿದಾಗಿದ್ದ ಕಾಲದ್ದು. ತುಂಬಿದ್ದಾಗ ಇದೇ ಜೋಡಿ ಬೇರೆ ಥರ ನಡೆದುಕೊಳ್ಳುತ್ತದೆ. 2013 ನೋಡಿ.

ಸಿಡಿಯು–ಸಿಎಸ್‌ಯುಗೆ ಬೇಕಾಗಿದ್ದದ್ದು ತಾಯಂದಿರ ಪಿಂಚಣಿ: 1992ಕ್ಕಿಂತ ಮೊದಲು ಹುಟ್ಟಿದ ಮಕ್ಕಳ ತಾಯಂದಿರಿಗೆ ಪ್ರತಿ ಮಗುವಿಗೆ ಇನ್ನೊಂದು ಪಿಂಚಣಿ ಅಂಕ (ಪಿಂಚಣಿಯ ಮೊತ್ತವನ್ನು ಈ ಅಂಕಗಳ ಮೇಲೆ ಲೆಕ್ಕ ಹಾಕುತ್ತಾರೆ). ಎಸ್‌ಪಿಡಿಗೆ ಬೇಕಾಗಿದ್ದದ್ದು 45 ವರ್ಷ ವಂತಿಗೆ ಕಟ್ಟಿದವರಿಗೆ 63ಕ್ಕೇ ಕಡಿತವಿಲ್ಲದ ಪಿಂಚಣಿ. ಒಂದರ ತಲೆಗೆ ಇನ್ನೊಂದನ್ನು ಕಟ್ಟಿ ಒಂದೇ ಮಸೂದೆ ಮಾಡಿದರು, 2014ರ ಜುಲೈ 1ರಿಂದ ಎರಡೂ ಜಾರಿ. ಇಬ್ಬರೂ ಬಿಟ್ಟುಕೊಡಲಿಲ್ಲ, ಇಬ್ಬರೂ ಪಡೆದರು.

ಹಾಗಾದರೆ ದುಡ್ಡು ಎಲ್ಲಿಂದ? ಇದು ಹೊರಗೆ ಅಷ್ಟಾಗಿ ಕಾಣದ ಭಾಗ. ಪಿಂಚಣಿ ನಿಧಿಯ ಮೀಸಲು ಒಂದೂವರೆ ತಿಂಗಳ ಖರ್ಚನ್ನು ದಾಟಿದರೆ ವಂತಿಗೆ ದರ ತಾನಾಗಿ ಇಳಿಯಬೇಕು ಅನ್ನುವುದು ಕಾನೂನು. ಅದರಂತೆ 2014ಕ್ಕೆ ದರ ಶೇ 18.9ರಿಂದ 18.3ಕ್ಕೆ ಇಳಿಯಬೇಕಿತ್ತು. ಸರ್ಕಾರ ಬಂದ ಕೂಡಲೇ ಮಾಡಿದ ಕೆಲಸವೆಂದರೆ ಬೇರೆ ಕಾನೂನು ತಂದು 18.9ಕ್ಕೇ ನಿಲ್ಲಿಸಿದ್ದು. ಅಂದರೆ ಎರಡು ಪಕ್ಷಗಳ ಸಂಧಾನದ ಬಿಲ್ಲು ಹೋದದ್ದು ಮಾತುಕತೆಯ ಕೋಣೆಯಲ್ಲಿ ಇಲ್ಲದ ಮೂರನೆಯವರಿಗೆ, ತಿಂಗಳ ಸಂಬಳದಲ್ಲಿ ವಂತಿಗೆ ಕಟ್ಟುವ ಕೆಲಸಗಾರರಿಗೆ ಮತ್ತು ಮಾಲೀಕರಿಗೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ ತಾಯಂದಿರ ಪಿಂಚಣಿಯಂಥ ಸಾಮಾಜಿಕ ಹೊಣೆಯನ್ನು ಎಲ್ಲರ ತೆರಿಗೆಯಿಂದ ಭರಿಸಬೇಕು.

ಆರೋಗ್ಯ ವಿಮೆಯ ಕಥೆ ಮೂರನೇ ಬಗೆ. ಸಿಡಿಯುಗೆ ಎಲ್ಲರಿಗೂ ಒಂದೇ ಮೊತ್ತದ ಕಂತು ಬೇಕಿತ್ತು. ಎಸ್‌ಪಿಡಿಗೆ ಸಿರಿವಂತರು, ಸರ್ಕಾರಿ ನೌಕರರು ಸೇರಿ ಎಲ್ಲರೂ ಆದಾಯಕ್ಕೆ ತಕ್ಕಂತೆ ಕಟ್ಟುವ ಒಂದೇ ವಿಮೆ ಬೇಕಿತ್ತು. ಇದು ತತ್ವದ ಜಗಳ, ಇಲ್ಲಿ ನಡುದಾರಿ ಎಂಬುದಿಲ್ಲ. ಹಾಗಾಗಿ 2009ರ ಜನವರಿಯಿಂದ ಆರೋಗ್ಯ ನಿಧಿ ಅಂತ ಒಂದು ಹಂಡೆ ಇಟ್ಟರು. ಎಲ್ಲ ವಿಮಾ ಸಂಸ್ಥೆಗಳ ವಂತಿಗೆ, ಶುರುವಿನಲ್ಲಿ ಶೇ 15.5 ಇದ್ದದ್ದು, ಅದಕ್ಕೆ ಬೀಳುತ್ತದೆ, ಅಲ್ಲಿಂದ ಸದಸ್ಯರ ವಯಸ್ಸು–ಕಾಯಿಲೆ ನೋಡಿ ಪ್ರತಿ ಸಂಸ್ಥೆಗೆ ಹಂಚಿಕೆಯಾಗುತ್ತದೆ, ಸಾಲದಿದ್ದರೆ ಸಂಸ್ಥೆ ಸದಸ್ಯರಿಂದ ಹೆಚ್ಚುವರಿ ವಂತಿಗೆ ವಸೂಲಿ ಮಾಡಬಹುದು. ಆ ಹೆಚ್ಚುವರಿ ವಂತಿಗೆಯೇ ಬೇಕೆಂದೇ ತೆರೆದಿಟ್ಟ ಬಾಗಿಲು. ಅದನ್ನು ಒಂದೇ ಮೊತ್ತ ಮಾಡಿದರೆ ಸಿಡಿಯು ದಾರಿ, ಆದಾಯದ ಶೇಕಡಾವಾರು ಮಾಡಿದರೆ ಎಸ್‌ಪಿಡಿ ದಾರಿ. ಮುಂದೆ ಆದದ್ದೂ ಹಾಗೇ. 2009ರ ನಂತರ ಸಿಡಿಯು–ಸಿಎಸ್‌ಯು, ಉದಾರವಾದಿ ಪಕ್ಷ ಎಫ್‌ಡಿಪಿ ಜೊತೆ ಮಾಡಿದ ಸರ್ಕಾರ ಅದನ್ನು ಆದಾಯಕ್ಕೆ ಸಂಬಂಧವಿಲ್ಲದ ನಿಗದಿ ಮೊತ್ತ ಮಾಡಿತು, ಮುಂದಿನ ಮಹಾಮೈತ್ರಿ 2015ರಿಂದ ಶೇಕಡಾವಾರಿಗೆ ತಿರುಗಿಸಿತು. ಹಂಡೆ ಮಾತ್ರ ಅಲ್ಲೇ ಇದೆ.

ಹಾಗಾಗಿ ಮೊದಲೇ ಊಹಿಸಬೇಕಾದರೆ ನಾನು ಎರಡು ಕೇಳುತ್ತೇನೆ: ಜಗಳ ಮೊತ್ತದ್ದಾ, ತತ್ವದ್ದಾ? ಮೊತ್ತದ್ದಾದರೆ, ಕೈಯಲ್ಲಿ ಹಣ ಇದೆಯಾ?

ತುಂಗಭದ್ರ ಉತ್ತರಿಸಿದ್ದು:

ಮೂರನೆಯ ಪ್ರಶ್ನೆಯೂ ಇದೆ: ಮೂರನೇ ಎರಡರಷ್ಟು ಬಹುಮತ ಇದೆಯಾ?

ಸಂವಿಧಾನ ತಿದ್ದಲು ಸಂಸತ್ತಿನ ಕೆಳಮನೆ ಬುಂಡೆಸ್ಟಾಗ್‌ನಲ್ಲೂ ರಾಜ್ಯಗಳ ಸದನ ಬುಂಡೆಸ್ರಾಟ್‌ನಲ್ಲೂ ಮೂರನೇ ಎರಡು ಬೇಕು. 1966ರಲ್ಲಿ ಪೂರ್ಣ ಮತಾಧಿಕಾರವಿದ್ದ 496 ಸದಸ್ಯರಲ್ಲಿ ವಿರೋಧ ಪಕ್ಷ ಎಫ್‌ಡಿಪಿ ಬರೀ 49. ತುರ್ತುಪರಿಸ್ಥಿತಿ ಕಾನೂನು ಹತ್ತು ವರ್ಷದ ಗುದ್ದಾಟದ ನಂತರ 1968ರ ಮೇ 30ರಂದು ಪಾಸಾಯಿತು, 384 ಪರ, 100 ವಿರುದ್ಧ. ಆ ನೂರರಲ್ಲಿ ಸುಮಾರು ಅರ್ಧ ಎಸ್‌ಪಿಡಿಯವರೇ. ಸಂಸತ್ತಿನಲ್ಲಿ ವಿರೋಧಕ್ಕೆ ಜಾಗವಿಲ್ಲದಾಗ ಅದು ಬೀದಿಗೆ ಬಂತು, ವಿದ್ಯಾರ್ಥಿ ಚಳವಳಿ ತನ್ನನ್ನು ಸಂಸತ್ತಿನ ಹೊರಗಿನ ವಿರೋಧಪಕ್ಷ ಎಂದೇ ಕರೆದುಕೊಂಡಿತು. ಅದೇ ಸರ್ಕಾರ ಬಹುಮತ ಪದ್ಧತಿಯ ಚುನಾವಣೆ (ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವುದು) ತರುತ್ತೇವೆ ಅಂದಿತ್ತು, ಅದು ಮಾತ್ರ ಆಗಲಿಲ್ಲ. ತನ್ನ ಉಳಿವಿಗೇ ಕುತ್ತು ಎಂದು ಅನ್ನಿಸಿದ್ದಕ್ಕೆ ಎಸ್‌ಪಿಡಿ ಹಿಂದೆ ಸರಿಯಿತು, ಗೃಹ ಸಚಿವ ಪೌಲ್ ಲ್ಯೂಕೆ 1968ರಲ್ಲಿ ರಾಜೀನಾಮೆ ಕೊಟ್ಟರು.

ಇಂಥ ಬಹುಮತದಲ್ಲಿ ಆಗುವ ತಪ್ಪು ಬಲು ಗಟ್ಟಿ. 2006ರ ಒಕ್ಕೂಟ ಸುಧಾರಣೆಯಲ್ಲಿ ಶಾಲಾ ಶಿಕ್ಷಣಕ್ಕೆ ಕೇಂದ್ರ ಹಣ ಹಾಕದಂತೆ ಸಂವಿಧಾನದಲ್ಲೇ ಬೇಲಿ ಹಾಕಿದರು. ಆಗ ಮಹಾಮೈತ್ರಿಯ ಬಳಿ 614ರಲ್ಲಿ 448 ಇತ್ತು, 410 ಸಾಕಿತ್ತು. ಶಾಲೆಗಳ ಡಿಜಿಟಲ್ ಸೌಕರ್ಯಕ್ಕೆ 5 ಬಿಲಿಯನ್ ಯುರೋ ಕೊಡಲು 2019ರಲ್ಲಿ ಆ ಬೇಲಿ ತೆಗೆಯಬೇಕಾಯಿತು. ಆಗ ಇದೇ ಜೋಡಿಯ ಬಳಿ 709ರಲ್ಲಿ 399 ಮಾತ್ರ, ಬೇಕಾದದ್ದು 473. ಪರಿಸರವಾದಿ ಪಕ್ಷ ಗ್ರೀನ್ಸ್ ಮತ್ತು ಎಫ್‌ಡಿಪಿ ಮುಂದೆ ಕೈಚಾಚಬೇಕಾಯಿತು. ಕಟ್ಟುವಾಗ ಇದ್ದ ಬಲ ಬಿಚ್ಚುವಾಗ ಇರುವುದಿಲ್ಲ.

ಸಾಲದ ಕಡಿವಾಣ ಇನ್ನೂ ಸ್ಪಷ್ಟ ಉದಾಹರಣೆ. 2009ರಲ್ಲಿ ಬರೆದದ್ದು: ಕೇಂದ್ರದ ರಚನಾತ್ಮಕ ಸಾಲ (ಆರ್ಥಿಕ ಏರಿಳಿತದ ಪರಿಣಾಮ ಬಿಟ್ಟು ಲೆಕ್ಕ ಹಾಕಿದ್ದು) 2016ರಿಂದ ಜಿಡಿಪಿಯ ಶೇ 0.35 ದಾಟಬಾರದು, ರಾಜ್ಯಗಳಿಗೆ 2020ರಿಂದ ಸೊನ್ನೆ. 2025ರ ಫೆಬ್ರವರಿ 23ರ ಚುನಾವಣೆ ಮುಗಿದಾಗ ಹೊಸ ಸದನದ 630ರಲ್ಲಿ ಸಿಡಿಯು–ಸಿಎಸ್‌ಯು 208, ಎಸ್‌ಪಿಡಿ 120, ಗ್ರೀನ್ಸ್ 85, ಕೂಡಿದರೆ 413. ಬೇಕಾದದ್ದು 420. ಏಳು ಮತ ಕೊರತೆ. ಆದ್ದರಿಂದ ಹೊಸ ಸದನ ಸೇರುವ ಒಂದು ವಾರ ಮೊದಲು, ಮಾರ್ಚ್ 18ರಂದು, ಹಳೆಯ ಸದನವನ್ನೇ ಕರೆಸಿ 513 ಮತಗಳಿಂದ ತಿದ್ದುಪಡಿ ಮಾಡಿಕೊಂಡರು: ಜಿಡಿಪಿಯ ಶೇ 1 ಮೀರಿದ ರಕ್ಷಣಾ ವೆಚ್ಚಕ್ಕೆ ವಿನಾಯಿತಿ, 500 ಬಿಲಿಯನ್ ಯುರೋ ಮೂಲಸೌಕರ್ಯ ನಿಧಿ. ಗ್ರೀನ್ಸ್ ತಮ್ಮ ಮತಕ್ಕೆ ಅದರಲ್ಲಿ 100 ಬಿಲಿಯನ್ ಅನ್ನು ಹವಾಮಾನ ನಿಧಿಗೆ ಪಡೆದರು. ಕಾನೂನಿನ ಪ್ರಕಾರ ಸರಿ, ನ್ಯಾಯಾಲಯವೂ ತಡೆಯಲಿಲ್ಲ. ಆದರೂ ಮತದಾರರು ಬೇರೆ ಸದನ ಆರಿಸಿದ ಮೇಲೆ ಹಳೆಯದರಲ್ಲಿ ಸಂವಿಧಾನ ತಿದ್ದುವುದು ನನಗೆ ಸರಿಕಾಣುವುದಿಲ್ಲ.

ಹೊಳೆಸಾಲು:

ಮೂವರಿಗೂ ಧನ್ಯವಾದ. ಇನ್ನೊಂದು ಕೇಳಲೇಬೇಕು. 2018ರ ಮೈತ್ರಿ ಒಪ್ಪಂದ 170 ಪುಟ ಮೀರುತ್ತದೆ. ಅದರಲ್ಲಿ ಯಾವುದು ನಿಜಕ್ಕೂ ಕಾನೂನಾಗುತ್ತದೆ, ಯಾವುದು ಬರೀ ಮಾತು ಅಂತ ಗುರುತಿಸುವುದು ಹೇಗೆ?

ಲೆಕ್ಕಪತ್ರ:

ಕ್ರಿಯಾಪದ ನೋಡಿ. ‘ಜಾರಿಗೊಳಿಸುತ್ತೇವೆ’ ಅಂತಿದ್ದು ಜೊತೆಗೆ ಮೊತ್ತ, ದಿನಾಂಕ ಎರಡೂ ಇದ್ದರೆ ಅದು ಆಗುತ್ತದೆ. ‘ಪರಿಶೀಲಿಸುತ್ತೇವೆ’ ಅಂದರೆ ಒಪ್ಪಿಲ್ಲ, ಕೋಣೆಯಿಂದ ಎದ್ದು ಹೋಗಲು ಹುಡುಕಿಕೊಂಡ ಪದ ಅದು. ‘ಹಣಕಾಸು ಲಭ್ಯತೆಗೆ ಒಳಪಟ್ಟು’ ಅಂದರೆ ಹಣಕಾಸು ಸಚಿವರ ಪಕ್ಷದ ಕೈಗೆ ಬೀಗ ಕೊಟ್ಟಂತೆ.

2013ರ ಕನಿಷ್ಠ ಕೂಲಿ ಮಾದರಿ ಉದಾಹರಣೆ. ಗಂಟೆಗೆ 8.50 ಯುರೋ, 2015ರ ಜನವರಿ 1ರಿಂದ ಅಂತ ಒಪ್ಪಂದದಲ್ಲೇ ಇತ್ತು. ಮೊತ್ತ ಎಸ್‌ಪಿಡಿಯದು, ಮುಂದಿನ ಏರಿಕೆಯನ್ನು ಸಂಸತ್ತು ಮಾಡದೆ ಮಾಲೀಕರು–ಕಾರ್ಮಿಕರ ಆಯೋಗ ಮಾಡಬೇಕು ಅನ್ನುವುದು ಸಿಡಿಯುನದು. ಜಾರಿ ಸಮಯಕ್ಕೆ ಸರಿಯಾಗಿ ಆಯಿತು. ಹೊಂದಾಣಿಕೆ ನಡೆದದ್ದೆಲ್ಲ ವಿನಾಯಿತಿಗಳಲ್ಲಿ: ತರಬೇತಿ ಮುಗಿಸದ 18ರ ಒಳಗಿನವರು, ದೀರ್ಘಕಾಲ ನಿರುದ್ಯೋಗಿಯಾಗಿದ್ದವರ ಮೊದಲ ಆರು ತಿಂಗಳು, ಪತ್ರಿಕೆ ಹಂಚುವವರಿಗೆ 2015ರಲ್ಲಿ ಶೇ 25 ಕಡಿಮೆ, 2016ರಲ್ಲಿ ಶೇ 15 ಕಡಿಮೆ.

ಒಪ್ಪಂದದಲ್ಲಿ ಸ್ಪಷ್ಟವಾಗಿದ್ದೂ ಕೆಡಬಹುದು. 2018ರಲ್ಲಿ ಮೂಲ ಪಿಂಚಣಿಗೆ (ಕಡಿಮೆ ಸಂಬಳಕ್ಕೆ ಬಹುಕಾಲ ದುಡಿದವರಿಗೆ ಕೊಡುವ ಹೆಚ್ಚುವರಿ ಪಿಂಚಣಿ) ‘ಬಡತನದ ಪರಿಶೀಲನೆ ಮಾಡಿ’ ಅಂತ ಬರೆದಿತ್ತು. ಎಸ್‌ಪಿಡಿ ಸಚಿವ ಹುಬೆರ್ಟುಸ್ ಹೈಲ್ 2019ರಲ್ಲಿ ಪರಿಶೀಲನೆಯೇ ಇಲ್ಲದ ಮಸೂದೆ ಮುಂದಿಟ್ಟರು. ಜಗ್ಗಾಡಿ ಆ ನವೆಂಬರ್‌ನಲ್ಲಿ ರಾಜಿಯಾಯಿತು: ಆಸ್ತಿ ನೋಡುವುದಿಲ್ಲ, ಆದಾಯ ಮಾತ್ರ, ಅರ್ಜಿ ಬೇಡ, ಪಿಂಚಣಿ ಇಲಾಖೆ ತೆರಿಗೆ ಇಲಾಖೆಯಿಂದ ಮಾಹಿತಿಯನ್ನು ಕಂಪ್ಯೂಟರ್ ಮೂಲಕ ತಾನೇ ಪಡೆಯಬೇಕು. ಕೇಳಲು ಚೆಂದ. ಆದರೆ ಹಾಗೆ ಮಾತಾಡಿಕೊಳ್ಳುವ ಜಾಲ ಆ ಎರಡು ಇಲಾಖೆಗಳ ನಡುವೆ ಇರಲಿಲ್ಲ, ಹೊಸದಾಗಿ ಕಟ್ಟಬೇಕಾಯಿತು. ಹಕ್ಕು 2021ರ ಜನವರಿ 1ರಿಂದ ಇದ್ದರೂ ಹಳೆಯ ಪಿಂಚಣಿದಾರರ ಲೆಕ್ಕ ಮುಗಿಯಲು 2022ರ ಕೊನೆಯವರೆಗೆ ಹಿಡಿಯಿತು. ಇಬ್ಬರ ಮುಖ ಉಳಿಸುವ ರಾಜಿ ಆಡಳಿತದ ಮೇಲೆ ಹೊರೆಯಾಗಿ ಬೀಳುವುದು ಹೀಗೆ.

ಕಡಲಂಚು:

ಒಪ್ಪಂದದ ಕೊನೆಯ ಪುಟಗಳನ್ನೂ ಓದಿ. ಸದನದಲ್ಲಿ ಎರಡೂ ಪಕ್ಷ ಸದಾ ಒಟ್ಟಿಗೆ ಮತ ಹಾಕಬೇಕು, ಹೊರಗಿನವರ ಜೊತೆ ಸೇರಿ ಬೇರೆ ಬಹುಮತ ಮಾಡುವಂತಿಲ್ಲ ಅನ್ನುವ ಷರತ್ತು ಅಲ್ಲಿರುತ್ತದೆ. ಸಂಸತ್ತಿನಲ್ಲಿ ಬಹುಮತವಿದ್ದೂ ನೀತಿ ಬದಲಾಗದೆ ಉಳಿಯುವುದು ಈ ಒಂದು ಸಾಲಿನಿಂದ. ಸಲಿಂಗ ವಿವಾಹಕ್ಕೆ 2013ರಿಂದಲೇ ಎಸ್‌ಪಿಡಿ, ಗ್ರೀನ್ಸ್, ಎಡಪಕ್ಷ ಸೇರಿ ಸಂಖ್ಯೆ ಇತ್ತು. ಮಸೂದೆಗಳನ್ನು ಕಾನೂನು ಸಮಿತಿಯಲ್ಲಿ ಮತ್ತೆ ಮತ್ತೆ ಮುಂದೂಡಿದರು. 2017ರ ಜೂನ್‌ನಲ್ಲಿ ಮೆರ್ಕೆಲ್ ಅದು ಆತ್ಮಸಾಕ್ಷಿಯ ವಿಷಯ ಎಂದು ಸಡಿಲ ಬಿಟ್ಟ ಕೆಲವೇ ದಿನಗಳಲ್ಲಿ, ಜೂನ್ 30ರಂದು, 393–226ರಿಂದ ಪಾಸಾಯಿತು. ನಾಲ್ಕು ವರ್ಷ ಕಾಯಿಸಿದ ಕಾನೂನಿಗೆ ಒಂದು ವಾರ ಸಾಕಾಯಿತು.

ಮಂಡ್ಯಸೀಮೆ ಉತ್ತರಿಸಿದ್ದು:

ಕರ್ನಾಟಕದ ಪ್ರಶ್ನೆಗೆ ಬರುತ್ತೇನೆ. ಹಳೆ ಮೈಸೂರಿನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ನೇರ ಎದುರಾಳಿಗಳು, ಆ ಮಟ್ಟಿಗೆ ಹೋಲಿಕೆ ಸರಿ. ಆದರೆ ಹೆಜ್ಜೆಗಳ ಕ್ರಮವೇ ತಲೆಕೆಳಗು. ಜರ್ಮನಿಯಲ್ಲಿ 2017ರ ಚುನಾವಣೆಯಿಂದ ಪ್ರಮಾಣವಚನಕ್ಕೆ 171 ದಿನ ಹಿಡಿಯಿತು. ಅಷ್ಟರಲ್ಲಿ ಒಪ್ಪಂದ ಬರೆದು, ಎಸ್‌ಪಿಡಿ ಸದಸ್ಯರೆಲ್ಲರ ಮತಕ್ಕೆ ಹಾಕಿ, ಶೇ 66ರ ಒಪ್ಪಿಗೆ ಪಡೆದಿದ್ದರು. ಇಲ್ಲಿ ಕುಮಾರಸ್ವಾಮಿ 2018ರ ಮೇ 23ಕ್ಕೆ ಪ್ರಮಾಣ, 25ಕ್ಕೆ ವಿಶ್ವಾಸಮತ. ಖಾತೆ ಹಂಚಿಕೆ, ಸಮನ್ವಯ ಸಮಿತಿಯ ಒಪ್ಪಂದ ಜೂನ್ 1ಕ್ಕೆ. ಮೊದಲು ಕುರ್ಚಿ, ಆಮೇಲೆ ಕರಾರು.

ಪರಿಣಾಮ ಜುಲೈ 5ರ ಬಜೆಟ್‌ನಲ್ಲೇ ಕಂಡಿತು. ಸಾಲಮನ್ನಾ ಜೆಡಿಎಸ್ ಪ್ರಣಾಳಿಕೆಯ ಭರವಸೆ, ಅನ್ನಭಾಗ್ಯ ಕಾಂಗ್ರೆಸ್‌ನ ಹೆಮ್ಮೆ. ರೈತರ 2 ಲಕ್ಷದವರೆಗಿನ ಸುಸ್ತಿ ಬೆಳೆಸಾಲಕ್ಕೆ 34,000 ಕೋಟಿ ಘೋಷಣೆ. ಹಣಕ್ಕಾಗಿ ಪೆಟ್ರೋಲ್ ತೆರಿಗೆ ಶೇ 30ರಿಂದ 32ಕ್ಕೆ, ಡೀಸೆಲ್ ಶೇ 19ರಿಂದ 21ಕ್ಕೆ. ಜೊತೆಗೆ ಅನ್ನಭಾಗ್ಯದ ಅಕ್ಕಿ ತಲೆಗೆ 7 ಕೆ.ಜಿ.ಯಿಂದ 5ಕ್ಕೆ. ಸಮನ್ವಯ ಸಮಿತಿಯ ಅಧ್ಯಕ್ಷರಾಗಿದ್ದ ಸಿದ್ದರಾಮಯ್ಯ ಆಕ್ಷೇಪಿಸಿದ ಮೇಲೆ ಅಕ್ಕಿ ಮತ್ತೆ 7 ಕೆ.ಜಿ. ಆಯಿತು. ಜರ್ಮನಿಯ 2014ರ ಪಿಂಚಣಿ ಮಸೂದೆಯ ಹಾಗೇ ಕೊನೆಗೆ ಇಬ್ಬರದೂ ಉಳಿಯಿತು. ವ್ಯತ್ಯಾಸ ಏನೆಂದರೆ, ಅಲ್ಲಿ ಅದು ಮೊದಲೇ ಬರೆದ ವಿನಿಮಯ, ಇಲ್ಲಿ ಬಜೆಟ್ ಓದಿದ ಮೇಲಿನ ಜಗಳ.

ಸರ್ಕಾರ ಬೀಳುವ ರೀತಿಯೂ ಬೇರೆ. ಜರ್ಮನ್ ಸಂವಿಧಾನದ 67ನೇ ವಿಧಿಯಂತೆ ಚಾನ್ಸಲರ್‌ರನ್ನು ಇಳಿಸಬೇಕಾದರೆ ಅದೇ ಮತದಾನದಲ್ಲಿ ಇನ್ನೊಬ್ಬರನ್ನು ಬಹುಮತದಿಂದ ಆರಿಸಬೇಕು. ಹಾಗಾಗಿ ಅತೃಪ್ತರು ಸರ್ಕಾರವನ್ನು ಸುಲಭಕ್ಕೆ ಬೀಳಿಸಲಾರರು, ನಾಲ್ಕು ವರ್ಷದ ಯೋಜನೆಗೆ ನೆಲ ಸಿಗುತ್ತದೆ. ಇಲ್ಲಿ ಶಾಸಕರ ರಾಜೀನಾಮೆಗಳಿಂದ ಸದನದ ಬಲವೇ ಕುಗ್ಗಿ, 2019ರ ಜುಲೈ 23ಕ್ಕೆ 99–105ರಲ್ಲಿ ಸರ್ಕಾರ ಬಿತ್ತು. 14 ತಿಂಗಳಲ್ಲಿ 67ರ ನಿವೃತ್ತಿಯಂಥ ದೀರ್ಘ ನೀತಿಗೆ ಯಾವ ಮೈತ್ರಿಯೂ ಕೈ ಹಾಕುವುದಿಲ್ಲ.

ತುಂಗಭದ್ರ:

ಒಂದು ಸೇರ್ಪಡೆ. ಈಗಿನ ಬರ್ಲಿನ್ ಸರ್ಕಾರವನ್ನು ಹಳೆಯ ಗ್ರೋಕೋ ಲೆಕ್ಕದಲ್ಲಿ ನೋಡಬೇಡಿ. 208 ಮತ್ತು 120 ಕೂಡಿದರೆ 328, ಬಹುಮತಕ್ಕೆ 316. 2013ರಲ್ಲಿ 631ರಲ್ಲಿ 504 ಇದ್ದಾಗ ನೂರು ಜನ ಮುನಿಸಿಕೊಂಡರೂ ನಡೆಯುತ್ತಿತ್ತು, ಈಗ 13 ಸಾಕು. 2025ರ ಮೇ 6ರಂದು ಚಾನ್ಸಲರ್ ಆಯ್ಕೆಯಲ್ಲಿ ಸಿಡಿಯು ನಾಯಕ ಮೆರ್ತ್ಸ್ ಮೊದಲ ಸುತ್ತಿನಲ್ಲಿ 310 ಮತ ಪಡೆದು ಸೋತು, ಎರಡನೇ ಸುತ್ತಿನಲ್ಲಿ 325ರಿಂದ ಗೆದ್ದರು. ಜುಲೈ 11ಕ್ಕೆ ಸಂವಿಧಾನ ನ್ಯಾಯಾಲಯದ ನ್ಯಾಯಾಧೀಶರ ಆಯ್ಕೆಯನ್ನು, ನಾಯಕರು ಒಪ್ಪಿದ್ದರೂ, ಸಿಡಿಯು–ಸಿಎಸ್‌ಯು ಸದಸ್ಯರ ವಿರೋಧದಿಂದ ಕಾರ್ಯಸೂಚಿಯಿಂದ ತೆಗೆಯಬೇಕಾಯಿತು. ಈ ಸರ್ಕಾರದ ಪಿಂಚಣಿ, ಆರೋಗ್ಯ ಮಸೂದೆಗಳನ್ನು ಗಮನಿಸುವವರು ಎರಡು ಪಕ್ಷದ ನಾಯಕರ ಹೇಳಿಕೆಗಿಂತ ಹಿಂದಿನ ಬೆಂಚಿನ ಆ 13 ಜನ ಯಾವ ಗುಂಪಿನಿಂದ ಬರಬಹುದು ಅನ್ನುವುದನ್ನು ಮೊದಲು ಎಣಿಸಿ.